ಕತ್ತರಿ ಬಿದ್ದ ಸೆರಗು

ಆ ಮನುಷ್ಯನನ್ನು ಕಂಡರೆ ನನಗೆ ಆಗದು. ಕೊಳ್ಳೇಗಾಲದ ನಮ್ಮ ನೇಕಾರರ ಸಂಘದಲ್ಲಿ ಸೀರೆ ಪರೀಕ್ಷೆ ಮಾಡುವವನು ಅವನೇ. ನಮ್ಮ ಬೀದಿಯವನೇ, ನಮ್ಮಂತೆಯೇ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಬೆಳೆದವನು. ಆದರೆ ಆ ಮೇಜಿನ ಹಿಂದೆ ಕೂತನೆಂದರೆ ನೆಂಟರಿಲ್ಲ, ನೆರೆಹೊರೆಯಿಲ್ಲ. ಕುಂದು ಕಂಡರೆ ಸೆರಗಿನ ಮೂಲೆಗೆ ಕತ್ತರಿ ಹಾಕುತ್ತಾನೆ, ಅದನ್ನು ಸಂಘದ ಸೀರೆಯೆಂದು ಯಾರೂ ಮಾರಬಾರದೆಂದು.

ವರ್ಷಗಟ್ಟಲೆ ನಾನು ನೇಯ್ದದ್ದೆಲ್ಲ ಗಂಡನ ಹೆಸರಿಗೇ ಹೋಗಿತ್ತು. ನನ್ನ ಹೆಸರಿನಲ್ಲೇ ಸದಸ್ಯತ್ವ ಬೇಕೆಂದು ಹಟ ಹಿಡಿದೆ. ಅದಕ್ಕೆ ಒಂದು ಸೀರೆ ಅವನ ಕೈಯಲ್ಲಿ ಪಾಸಾಗಬೇಕು.

ಸೀರೆ ಅರ್ಧ ಆಗಿದ್ದಾಗ ಹನೂರಿನಿಂದ ನಾದಿನಿ ಬಂದಳು. ಕಾಫಿ ಕಾಸಲು ಎದ್ದವಳು ಹರಟೆಗೆ ಕೂತುಬಿಟ್ಟೆ. ಮಗ್ಗ ಬಿಟ್ಟು ಏಳುವಾಗ ನೂಲಿನ ಬಿಗಿ ಸಡಿಲಿಸಬೇಕು. ಇಲ್ಲದಿದ್ದರೆ ಮತ್ತೆ ನೇಯಲು ಶುರು ಮಾಡಿದ ಜಾಗದಲ್ಲಿ ಅಡ್ಡಕ್ಕೆ ಕೂದಲೆಳೆಯಷ್ಟು ಗೀಟು ಬೀಳುತ್ತದೆ. ನಾನು ಮರೆತಿದ್ದೆ.

ಸೀರೆ ಮುಗಿಸಿ ಸಂಘಕ್ಕೆ ಒಯ್ದೆ. ಅವನು ಸೀರೆಯನ್ನು ಬೆಳಕಿಗೆ ಹಿಡಿದು ಅಲ್ಲೇ ಬೆರಳಿಟ್ಟ.

"ಸಡ್ಲ ಮಾಡ್ದೆ ಎದ್ದೋಗಿದ್ದೀಯ ಕಣಮ್ಮಿ."

"ಗೀಟೂ ಇಲ್ಲ ಏನೂ ಇಲ್ಲ. ಎಂಗಸ್ರು ಮೆಂಬರ್ ಆಗೋದು ನಿಮ್ಗೆ ಒಟ್ಟೆ ಉರಿ ಕಣಣ್ಣ."

ಅವನು ಕತ್ತರಿ ಎತ್ತಿಕೊಂಡ. ಅಷ್ಟು ಜನರ ಮುಂದೆ ಮೂಲೆ ಕತ್ತರಿಸಿ, ಮಡಿಸಿ ಕೈಗಿಟ್ಟ. ಅವನ ಕೈ ಸೇದಿಹೋಗಲಿ ಎಂದು ಶಪಿಸುತ್ತ ಮನೆಗೆ ಬಂದೆ.

ಮುಂದಿನ ತಿಂಗಳು ಯಳಂದೂರಿನ ಛತ್ರದಲ್ಲಿ ಅವನ ಮಗಳ ಮದುವೆ. ಅದೇ ಸೀರೆ ಉಟ್ಟು ಹೋದೆ. ಕತ್ತರಿ ಬಿದ್ದ ಮೂಲೆ ಎಲ್ಲರಿಗೂ ಕಾಣುವಂತೆ ಸೆರಗನ್ನು ಮುಂದಕ್ಕೆ ಹೊದ್ದಿದ್ದೆ. ಕೇಳಿದವರಿಗೆಲ್ಲ, "ಎಣ್ಣಿನಪ್ಪನೇ ಕತ್ತರ್ಸಿದ್ದು. ಎಲ್ಲೈತೆ ಕುಂದು, ನೀವೇ ನೋಡಿ ಯೋಳಿ" ಅಂದೆ. ಹೆಂಗಸರು ಮುಟ್ಟಿ ಮುಟ್ಟಿ ನೋಡಿ, ಇಂಥ ಸೀರೆ ಹಾಳು ಮಾಡಿದನಲ್ಲ ಎಂದು ಅವನನ್ನು ಬೈದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಊಟದ ಸಾಲಿನಲ್ಲಿ ವಿಚಾರಿಸಿಕೊಳ್ಳುತ್ತ ಅವನು ನನ್ನೆದುರು ಬಂದು ನಿಂತ. ಸೆರಗಿನ ಕಡೆ ನೋಡಲೇ ಇಲ್ಲ. ಕಣ್ಣು ನೆರಿಗೆಯ ಮೇಲಿತ್ತು.

"ನಾ ಕತ್ತರ್ಸಿದ್ನ ಊರ್ಗೆಲ್ಲ ತೋರ್ಸ್ತಿದ್ದೀಯ. ನೀ ನೇಯ್ದಿದ್ನ ಯಾಕಮ್ಮಿ ಒಳೀಕೆ ಮಡ್ಸಿದ್ದೀಯ?"

ಪಕ್ಕದವರು ನನ್ನ ಮುಖ ನೋಡಿದರು. ಬೆಳಿಗ್ಗೆ ಕನ್ನಡಿ ಮುಂದೆ ಮೂರು ಸಲ ಬಿಚ್ಚಿ ಉಟ್ಟು, ಆ ಗೀಟು ನೆರಿಗೆಯ ಒಳಗೇ ಕೂರುವಂತೆ ಪಿನ್ನು ಚುಚ್ಚಿದ್ದವಳು ನಾನೇ.