ತಪ್ಪಿರುವ ಕ್ಯಾಸೆಟ್ಟು

ನಾನು ಯಾರನ್ನೂ ಸುಲಭವಾಗಿ ನಂಬುವವಳಲ್ಲ. ದೇವರಾಜ ಮೊಹಲ್ಲಾದಲ್ಲಿ ಹೂ ಕೊಂಡರೂ ನನ್ನ ಮೊಳದಲ್ಲಿ ಇನ್ನೊಮ್ಮೆ ಅಳೆದೇ ಚೀಲಕ್ಕೆ ಹಾಕುತ್ತೇನೆ. ಹಾಗಿರುವಾಗ, ದಸರಾ ರಜೆಯಲ್ಲಿ ನನ್ನ ಮೈದುನ ಹಳೇ ಡಬ್ಬಾ ಟಿವಿಯೊಂದನ್ನು ಆಟೋದಲ್ಲಿ ಹೇರಿಕೊಂಡು ಕುವೆಂಪುನಗರದ ನಮ್ಮ ಮನೆಗೆ ಬಂದರೆ ಅನುಮಾನ ಬಾರದಿರುತ್ತದೆಯೇ?

ರಜೆಯಲ್ಲಿ ನಾವಿಬ್ಬರೂ ಕಾರ್ ರೇಸಿನ ವಿಡಿಯೋ ಗೇಮ್ ಆಡುವುದು ವಾಡಿಕೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಎಲ್ಲರೂ ನನ್ನ ಸಾರಿನ ಉಪ್ಪು ನೋಡುತ್ತಿದ್ದರು. ಪಕ್ಕದಲ್ಲಿ ಕೂರಿಸಿಕೊಂಡು ಆಟ ಕಲಿಸಿದವನು ಅವನೊಬ್ಬನೇ. ಆ ಮನೆಯಲ್ಲಿ ಮನಸ್ಸು ಬಿಚ್ಚಿ ನಗಲು ನನಗಿದ್ದದ್ದು ಅವನು ಮಾತ್ರ. ನಾವು ಆಡುತ್ತಿದ್ದದ್ದು ಹಳೇ ಆಟವೊಂದರ ಹೊಸ ರೂಪ, ನಮ್ಮ ದೊಡ್ಡ ಟಿವಿಯಲ್ಲೇ ಬರುವಂಥದ್ದು. ಆದರೆ ಅವನು ಈಚೆಗೆ ಆನ್‌ಲೈನ್ ಸ್ಪರ್ಧೆಗಳಿಗೆ ಸೇರಿದ್ದ. ಅಲ್ಲಿನವರೆಲ್ಲ ಆ ಆಟದ ಮೊದಲು ಬಂದ ಕ್ಯಾಸೆಟ್ಟಿನಲ್ಲೇ ಆಡುತ್ತಾರಂತೆ. ಅದಕ್ಕೆ ಹಳೇ ಆಟದ ಪೆಟ್ಟಿಗೆ, ಡಬ್ಬಾ ಟಿವಿಯೇ ಬೇಕಂತೆ.

“ಹೊಸದ್ರಲ್ಲಿ ಬಟನ್ ಒತ್ತಿದ್ಮೇಲೆ ಕಾರು ಒಂದ್ ಗಳಿಗೆ ಯೋಚನೆ ಮಾಡ್ತದೆ ಅತ್ತಿಗೆ. ಹಳೇದು ಒತ್ತಿದ್ ತಕ್ಷಣ ತಿರುಗ್ಬುಡ್ತದೆ. ತಿರುವಲ್ಲಿ ಗೋಡೆಗೆ ಒಂಚೂರು ಉಜ್ಜಿದ್ರೆ ಸ್ಪೀಡೂ ಜಾಸ್ತಿ ಆಗ್ತದೆ. ಅದು ಕಂಪನಿಯವ್ರ ತಪ್ಪು, ಆಮೇಲೆ ಸರಿ ಮಾಡ್ಬುಟ್ರು.”

“ಸರಿ ಮಾಡಿರೋದು ಬಿಟ್ಟು ತಪ್ಪಿರೋದೇ ಯಾಕೋ ಬೇಕು ನಿಂಗೆ?”

“ಆ ತಪ್ಪು ಎಲ್ರಿಗೂ ಒಂದೇ ಅಲ್ವಾ? ಎಷ್ಟು ಉಜ್ಜಬೇಕು ಅಂತ ಕಲಿಯೋದ್ರಲ್ಲೇ ಇರೋದು ಆಟ.”

ನನಗೆ ಈ ಮಾತು ರುಚಿಸಲಿಲ್ಲ. ತಪ್ಪನ್ನು ಹುಡುಕಿಕೊಂಡು ಹೋಗುವವರನ್ನು ನಂಬುವುದು ಹೇಗೆ? ಆ ವರ್ಷ ನನ್ನನ್ನು ಸೋಲಿಸಲೇಬೇಕೆಂದು ಬಂದಿದ್ದಾನೆ ಎನಿಸಿತು.

ಆಯುಧಪೂಜೆಯ ದಿನ ಸ್ಕೂಟರ್, ಮಿಕ್ಸಿ, ಈಳಿಗೆಮಣೆಯ ಜೊತೆಗೆ ಅವನ ಆಟದ ಪೆಟ್ಟಿಗೆ, ಎರಡು ಜಾಯ್‌ಸ್ಟಿಕ್ಕುಗಳನ್ನೂ ಇಟ್ಟು ಗಂಧ ಕುಂಕುಮ ಹಚ್ಚಿದೆ. ನನ್ನ ಪಾಲಿನ ಜಾಯ್‌ಸ್ಟಿಕ್ಕಿಗೆ ಸ್ವಲ್ಪ ಧಾರಾಳವಾಗಿಯೇ ಹಚ್ಚಿದೆ.

ಮರುದಿನ ಸಂಜೆ ಪಂಜಿನ ಕವಾಯತಿಗೆ ಹೊರಡುವ ಮುಂಚೆ ಮನೆಮಂದಿಯ ಎದುರು ಆಟ ಶುರುವಾಯಿತು. ನನ್ನ ಕಾರು ಎಡಕ್ಕೆ ತಿರುಗಲೇ ಇಲ್ಲ. ಮೂರು ಸಲ ಗೋಡೆಗೆ ಗುದ್ದಿ ನಿಂತಿತು. ನನ್ನ ಪಿತ್ತ ನೆತ್ತಿಗೇರಿತು.

“ಇದಕ್ಕೇ ಏನೋ ಇದನ್ನ ಹೊತ್ಕೊಂಡ್ ಬಂದಿದ್ದು? ಮೋಸ ಮಾಡೋಕೆ ಮನೆಯವ್ರೇ ಬೇಕಾಗಿತ್ತಾ?”

ಅತ್ತೆ ಬೆಕ್ಕಸಬೆರಗಾದರು. ಅವನು ನನ್ನ ಜಾಯ್‌ಸ್ಟಿಕ್ ಎತ್ತಿ ನೋಡಿ ಕೆಳಗಿಟ್ಟ. “ತಪ್ಪಾಯ್ತು ಅತ್ತಿಗೆ” ಎಂದು ಟಿವಿ, ಪೆಟ್ಟಿಗೆ ಎತ್ತಿಕೊಂಡು ಹೊರಟೇಹೋದ. ತಪ್ಪು ಮಾಡದವನು ತಪ್ಪಾಯ್ತು ಎನ್ನುತ್ತಾನೆಯೇ? ನನ್ನ ಅನುಮಾನ ಗಟ್ಟಿಯಾಯಿತು.

ವಾರದ ನಂತರ ಕಸ ಗುಡಿಸುವಾಗ ಸೋಫಾದ ಕೆಳಗೆ ಆ ಜಾಯ್‌ಸ್ಟಿಕ್ ಸಿಕ್ಕಿತು. ಅವಸರದಲ್ಲಿ ಬಿಟ್ಟುಹೋಗಿದ್ದ. ಎಡಗಡೆಯ ಬಟನ್ ಎಷ್ಟು ಒತ್ತಿದರೂ ಒಳಗಿಳಿಯಲಿಲ್ಲ. ಪಿನ್ನಿನಿಂದ ಕೆದಕಿದೆ. ಒಣಗಿದ ಗಂಧ, ಕುಂಕುಮ ಪುಡಿಪುಡಿಯಾಗಿ ಉದುರಿತು. ಹಚ್ಚಿದವಳು ನಾನೇ. ನಾಚಿಕೆಯಿಂದ ನೆಲದ ಮೇಲೇ ಕುಳಿತುಬಿಟ್ಟೆ.

ಅವತ್ತೇ ಬನ್ನಿಮಂಟಪದ ಅವನ ಮನೆಗೆ ಹೋದೆ.

“ನಿಂಗೆ ಗೊತ್ತಿತ್ತಾ?”

“ನೋಡಿದ್ ಕೂಡ್ಲೇ ಗೊತ್ತಾಯ್ತು. ಪೂಜೆ ಮಾಡಿದ್ದು ನೀವು. ಅಮ್ಮನ ಎದುರಿಗೆ ಹೆಂಗೆ ಹೇಳ್ಲಿ?”

ನನಗೆ ಅಳು ತಡೆಯಲಾಗಲಿಲ್ಲ. ಮುಂದಿನ ದಸರಾಕ್ಕೆ ಆ ಹಳೇದನ್ನೇ ತಾರೋ ಎಂದು ಅಂಗಲಾಚಿದೆ.

“ಬೇಡಿ ಅತ್ತಿಗೆ. ಅದನ್ನ ಸ್ಪರ್ಧೆಯವ್ರ ಜೊತೆ ಆಡ್ಕೋತೀನಿ. ನಿಮ್ಮನೇಲಿ ಹೊಸದೇ ಇರ್ಲಿ,” ಎಂದು ನಕ್ಕ.

ಆಮೇಲೆ ಎರಡು ದಸರಾ ಕಳೆದಿವೆ. ಅವನು ತಪ್ಪದೆ ಬರುತ್ತಾನೆ, ನಗುತ್ತಾನೆ, ಹೊಸದರಲ್ಲೇ ಆಡುತ್ತಾನೆ. ಕೊನೇ ತಿರುವಿನಲ್ಲಿ ಬೇಕೆಂದೇ ನಿಧಾನ ಮಾಡಿ ನನ್ನನ್ನು ಮುಂದೆ ಬಿಡುತ್ತಾನೆ. ಒಂದು ಸಲವೂ ಗೆದ್ದಿಲ್ಲ.