ಮಗುಚಿದ ಬಿಲ್ಲೆ

ಗಿಂಟರ್ ಪೀಖಾನ ಮುತ್ತಜ್ಜ ಯಾಕುಬ್ ಗಣಿಯೊಳಗಿನ ಕುದುರೆ ಲಾಯದಲ್ಲಿದ್ದವನು. ನೀರು ನುಗ್ಗಿದ ದಿನ ಏಳು ಕುದುರೆಗಳನ್ನೂ ಒಂದೊಂದಾಗಿ ಮೇಲಕ್ಕೆ ಕಳಿಸಿ, ಎದೆಮಟ್ಟದ ನೀರಿನಲ್ಲಿ ನಿಂತಿದ್ದು, ಎಂಟನೆಯವನಾಗಿ ತಾನು ಹತ್ತಿದ. ಅವನ ಮಗ ವಿನ್ಸೆಂತಿ ಕುಸಿದ ಸುರಂಗವನ್ನು ಮೂರು ದಿನ ಅಗೆದು ಇಬ್ಬರನ್ನು ಜೀವಸಹಿತ ಎಳೆದು ತಂದ. ಮೂರನೆಯವನಿಗೆ ಕೈ ಚಾಚಿದಾಗ ಬಂಡೆ ಜಾರಿ ಬಲಗೈಯ ನಾಲ್ಕು ಬೆರಳು ಅಲ್ಲೇ ಉಳಿದವು. ವಿನ್ಸೆಂತಿಯ ಮಗ ಎಮಾನುಯೆಲ್ ಮೂವತ್ತೊಂದು ವರ್ಷ ಕಲ್ಲಿದ್ದಲು ಕಡಿದ. ಗಣಿಯ ವಾದ್ಯತಂಡದಲ್ಲಿ ದೊಡ್ಡ ಕಹಳೆ ಊದುತ್ತ ನೂರಾ ಹನ್ನೆರಡು ಜನರನ್ನು ಮಣ್ಣಿಗೆ ಕಳಿಸಿಕೊಟ್ಟ. ನೂರಾ ಹದಿಮೂರನೆಯ ಶವಯಾತ್ರೆ ಅವನದೇ. ಅಂದು ಬೇರೆಯವರು ಊದಿದರು.

ಇಂಥವರ ಮನೆಯಲ್ಲಿ ಹುಟ್ಟಿದ ಗಿಂಟರನಿಗೆ ಆರನೆಯ ವಯಸ್ಸಿನಲ್ಲೇ ಎಡಗಣ್ಣು ಹೋಯಿತು. ಒಕ್ಕಣ್ಣಿನವನನ್ನು ಗಣಿಗೆ ಇಳಿಸುವುದಿಲ್ಲ. ದೀಪದ ಮನೆಯಲ್ಲಿ ಕೆಲಸ ಕೊಟ್ಟರು. ಪೀಖಾ ವಂಶದಲ್ಲಿ ನೆಲದ ಮೇಲೆ ದುಡಿದ ಮೊದಲ ಗಂಡಸು ಅವನು. ಪಾಳಿಗೆ ಇಳಿಯುವವರು ಅವನ ಕಿಟಕಿಯ ಮುಂದೆ ನಿಂತು, "ಏನಜ್ಜೀ, ದೀಪಕ್ಕೆ ಬತ್ತಿ ಹೊಸೆದ್ಯಾ?" ಎಂದು ರೇಗಿಸುತ್ತಿದ್ದರು. ಅವನು ದೀಪ ಕೊಡುತ್ತಿದ್ದ.

ಕೆಲಸ ಇಷ್ಟೇ. ಇಳಿಯುವವನು ತನ್ನ ನಂಬರಿನ ಬಿಲ್ಲೆ ಕೊಟ್ಟು ದೀಪ ತೆಗೆದುಕೊಳ್ಳಬೇಕು. ಹತ್ತಿ ಬಂದವನು ದೀಪ ಕೊಟ್ಟು ಬಿಲ್ಲೆ ತೆಗೆದುಕೊಳ್ಳಬೇಕು. ಪಾಳಿ ಮುಗಿದ ಮೇಲೂ ಹಲಗೆಯ ಮೊಳೆಯಲ್ಲಿ ಬಿಲ್ಲೆ ನೇತಾಡುತ್ತಿದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆಂದು ಅರ್ಥ. ಮೂವತ್ತಾರು ವರ್ಷ ಗಿಂಟರ್ ಆ ಹಲಗೆ ನೋಡಿದ. ಬರಿದಾದ ಹಲಗೆಗಿಂತ ಚೆಂದದ ಚಿತ್ರ ಈ ಲೋಕದಲ್ಲಿ ಇಲ್ಲವೆಂದು ಅವನ ನಂಬಿಕೆ.

ಗುರುವಾರ ಮಾತ್ರ ಅವನು ಬೇರೆಯೇ ಮನುಷ್ಯನಾಗುತ್ತಿದ್ದ. ಮಧ್ಯಾಹ್ನ ಮೂರೂವರೆಗೆ, ವಾದ್ಯತಂಡದ ಕೋಣೆಯ ಹಿಂದಿನ ಸಣ್ಣ ಕೊಠಡಿಯಲ್ಲಿ, ಕಥೆಯಾಟದ ಮೇಜಿಗೆ ಅವನು ಮೇಷ್ಟ್ರು. ಮೇಜಿನ ಸುತ್ತ ಕೂತವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತ, ಸಂಶಯ ಬಂದಲ್ಲಿ ದಾಳ ಉರುಳಿಸುತ್ತ, ಕಥೆಯನ್ನು ಕೂಡಿ ಕಟ್ಟುವ ಆಟ ಅದು. ಬೇರೆ ಊರುಗಳಲ್ಲಿ ಆಟದ ಮೇಷ್ಟ್ರುಗಳು ನಕಾಶೆ, ರಾಜವಂಶ, ರಾಕ್ಷಸರ ಪಟ್ಟಿ ಎಲ್ಲ ಬರೆದು ತರುತ್ತಾರಂತೆ. ಗಿಂಟರ್ ತರುತ್ತಿದ್ದುದು ಬೆಂಕಿಪೊಟ್ಟಣದಷ್ಟು ಚೀಟಿ. ಅದರಲ್ಲಿ ಮೂರು ಪ್ರಶ್ನೆ. "ನಾಲ್ಕನೇದು ಬರೆದ್ರೆ ಅದು ನನ್ನ ಕಥೆ ಆಗ್ಬಿಡುತ್ತೆ" ಎನ್ನುತ್ತಿದ್ದ. ಇದನ್ನು ಯಾವ ಪುಸ್ತಕವೂ ಅವನಿಗೆ ಕಲಿಸಿದ್ದಲ್ಲ. ಅವನ ಅಜ್ಜಿ ಆಲೂಗಡ್ಡೆ ಹೆರೆಯುತ್ತ ಕಥೆ ಹೇಳುವಾಗ ನಡುವೆ ನಿಲ್ಲಿಸಿ, "ಆ ಹುಡುಗಿ ಬುಟ್ಟೀಲಿ ಏನಿತ್ತು, ಹೇಳ್ರೋ" ಎಂದು ಕೇಳುತ್ತಿದ್ದಳು. ಮಕ್ಕಳು ಏನು ಹೇಳಿದರೆ ಅದೇ ಬುಟ್ಟಿಯಲ್ಲಿ. ಹಾವು ಅಂದರೆ ಹಾವು. ಗಿಂಟರನ ಮೇಜಿನ ಕಟ್ಟಳೆಯೂ ಅದೇ: ಆಡುವವನು ಹೇಳಿದ ಮೇಲೆ ಅದು ನಿಜ. ಮೇಷ್ಟ್ರು ಇಲ್ಲವೆನ್ನುವ ಹಾಗಿಲ್ಲ. ಮುಂದಿನದನ್ನು ಕೇಳಬೇಕು, ಅಷ್ಟೆ.

ಇನ್ನೊಂದು ಕಟ್ಟಳೆ ಇತ್ತು. ಗಣಿಯವರು ಗುಜರಿಗೆ ಹಾಕಿದ್ದ ಹಳೆಯ ಹಿತ್ತಾಳೆ ಬಿಲ್ಲೆಗಳನ್ನು ಅವನು ಆರಿಸಿ ತಂದು ಪ್ರತಿಯೊಬ್ಬರ ಮುಂದೆ ಒಂದೊಂದು ಇಟ್ಟಿದ್ದ. ಅಂಕಿ ಮೇಲಿದ್ದರೆ ಕಥೆ ನಡೆಯಲಿ. ಯಾರಾದರೂ ಬಿಲ್ಲೆ ಮಗುಚಿದರೆ ಕಥೆ ಆ ಕ್ಷಣಕ್ಕೆ ನಿಲ್ಲಬೇಕು. ಯಾಕೆಂದು ಕೇಳುವ ಹಾಗಿಲ್ಲ. ಮಗುಚಿದವರೇ ಅದನ್ನು ಮತ್ತೆ ಎತ್ತುವ ತನಕ ಎಲ್ಲರೂ ಬಾಯಿ ಮುಚ್ಚಿ ಕೂತಿರಬೇಕು. ಹತ್ತೊಂಬತ್ತು ವರ್ಷಗಳಲ್ಲಿ ಹನ್ನೊಂದು ಸಲ ಬಿಲ್ಲೆ ಮಗುಚಿತ್ತು. ಒಮ್ಮೆ ಕಥೆಯಲ್ಲೊಂದು ನಾಯಿ ಹೊಳೆಗೆ ಬಿದ್ದಾಗ, ಊರಿಗೆಲ್ಲ ನಾಲಿಗೆ ಹರಿಬಿಡುವ ಬೆರ್ತೋಲ್ಡನೇ ತನ್ನ ಬಿಲ್ಲೆ ಮಗುಚಿ ಅರ್ಧ ಗಂಟೆ ಕನ್ನಡಕ ಒರೆಸಿದ. ಯಾರೂ ಕೇಳಲಿಲ್ಲ. ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮೇಜಿಗೆ ಮೂವರು ಬರುತ್ತಿದ್ದರು. ನಿವೃತ್ತ ಎಲೆಕ್ಟ್ರಿಷಿಯನ್ ಬೆರ್ತೋಲ್ಡ್ ಕೋಟ್ಸುರ್. ಔಷಧಿ ಅಂಗಡಿಯ ಉರ್ಸುಲಾ. ಗಣಿಯಲ್ಲಿ ಚಾವಣಿಗೆ ಆಧಾರ ಕೊಡುವ ಕೆಲಸದ ರೋಮಾನ್ ಶಿಮಿಕ್. ಕಥೆಯಲ್ಲಿ ಗಣಿ ಬರಕೂಡದೆಂದು ಮೊದಲ ದಿನವೇ ಕೇಳಿಕೊಂಡವನು ರೋಮಾನ್. "ದಿನಾ ಅದ್ರೊಳಗೇ ಇರ್ತೀನಿ, ಇಲ್ಲೂ ಯಾಕೆ?" ಅಂದಿದ್ದ. ಕಥೆಯಲ್ಲಿ ಅವನು ವೀಟ್, ಗಂಟೆ ಎರಕ ಹೊಯ್ಯುವವನು.

ಆಗಸ್ಟಿನ ಕೊನೆಯ ಗುರುವಾರ ವೀಟ್ ಮಂಜು ಮುಸುಕಿದ ಸರೋವರದ ದಂಡೆಯಲ್ಲಿ ದೋಣಿ ಬಿಚ್ಚುತ್ತಿದ್ದ. ಆಚೆ ದಡದ ಪಾಳುಬಿದ್ದ ಇಗರ್ಜಿಯಿಂದ ಗಂಟೆ ತರಬೇಕು.

"ಒಬ್ನೇ ಹೋಗ್ತೀಯಾ?" ಗಿಂಟರ್ ಕೇಳಿದ.

"ಇವರಿಬ್ರನ್ನ ಕಟ್ಕೊಂಡ್ ಹೋದ್ರೆ ದೋಣಿ ಮುಳುಗುತ್ತೆ" ಎಂದ ರೋಮಾನ್. "ಬೆರ್ತೋಲ್ಡ್ ಮಾವನ ಹೊಟ್ಟೆ ನೋಡಿ."

"ನನ್ನ ಹೊಟ್ಟೆ ಕಥೆ ಒಳಗಿಲ್ಲ ಕಣೋ, ಹೊರಗಿದೆ. ಕಥೇಲಿ ನಾನು ಕಡ್ಡಿ ಇದ್ದ ಹಾಗಿದೀನಿ" ಎಂದ ಬೆರ್ತೋಲ್ಡ್.

"ಅದಕ್ಕೇ ಕಥೆ ಅನ್ನೋದು" ಎಂದಳು ಉರ್ಸುಲಾ.

ನಕ್ಕು ಎದ್ದರು. ಮಾರನೆಯ ದಿನ ಬೆಳಿಗ್ಗೆ ದೀಪದ ಕಿಟಕಿಯಲ್ಲಿ ರೋಮಾನ್ ತನ್ನ ನಾನೂರ ಹದಿನೇಳನೆಯ ಬಿಲ್ಲೆ ನೂಕಿ, "ಮೇಷ್ಟ್ರೇ, ಗಂಟೆ ತಂದೇ ತರ್ತೀನಿ" ಎಂದ. ಗಿಂಟರ್ ದೀಪ ಕೊಟ್ಟ.

ಹತ್ತು ಗಂಟೆಗೆ ಕೆಳಗೆ ಅನಿಲ ಹೊತ್ತಿಕೊಂಡಿತು. ಆ ಭಾಗದಲ್ಲಿದ್ದ ಹದಿನಾಲ್ಕು ಜನರಲ್ಲಿ ಹದಿಮೂರು ಜನ ಬಂದರು. ಬೆಂಕಿ ಆರಲಿಲ್ಲ. ಆರನೆಯ ದಿನ ಆ ಸುರಂಗಕ್ಕೆ ಎರಡೂ ಕಡೆ ಗೋಡೆ ಕಟ್ಟಿ ಮುಚ್ಚಿದರು. ಇನ್ನು ವರ್ಷಗಟ್ಟಲೆ ತೆರೆಯುವಂತಿಲ್ಲ. ಹಲಗೆಯ ಮೇಲೆ ನಾನೂರ ಹದಿನೇಳು ಹಾಗೇ ನೇತಾಡಿತು.

ಐದನೆಯ ಗುರುವಾರ, ಮೂವರು ಕೂತು ಸುಮ್ಮನೆ ಚಹಾ ಕುಡಿಯುತ್ತಿದ್ದಾಗ, ಬಾಗಿಲು ತಳ್ಳಿಕೊಂಡು ರೋಮಾನನ ಹೆಂಡತಿ ಟ್ರೂಡ್ಕಾ ಬಂದಳು. ಕೋಟು ಬಿಚ್ಚದೆ ಗಂಡನ ಕುರ್ಚಿಯಲ್ಲಿ ಕೂತಳು.

"ಗಿಂಟರಣ್ಣಾ, ವೀಟ್ ಎಲ್ಲಿದ್ದ?"

"ಸರೋವರದ ನಡುವೆ ಕಣಮ್ಮ. ದೋಣೀಲಿ."

"ಅವನ ಪರವಾಗಿ ನಾನು ಆಡ್ತೀನಿ. ಅವನು ಬದುಕಿದ್ದಾನೆ. ಹುಟ್ಟು ಹಾಕ್ತಾ ಇದ್ದಾನೆ."

ಆಡುವವನು ಹೇಳಿದ ಮೇಲೆ ಅದು ನಿಜ. ಗಿಂಟರ್ ತನ್ನ ಒಂದೇ ಕಣ್ಣಿನಿಂದ ಅವಳನ್ನು ನೋಡಿ, ಮೇಷ್ಟ್ರು ಕೇಳಬೇಕಾದ್ದನ್ನೇ ಕೇಳಿದ: "ಅವನಿಗೆ ಏನು ಕೇಳಿಸ್ತಾ ಇದೆ?"

"ಗಂಟೆ" ಎಂದಳು.

ಅಂದಿನಿಂದ ಒಂದು ಗುರುವಾರವೂ ಅವಳು ತಪ್ಪಿಸಲಿಲ್ಲ. ಒಂದು ವಾರ ವೀಟ್ ಮೀನು ಹಿಡಿದ. ಒಂದು ವಾರ ದ್ವೀಪದಲ್ಲಿ ಒಲೆ ಹಚ್ಚಿದ. ದಡ ಮಾತ್ರ ಸೇರಲಿಲ್ಲ; ಸೇರಲು ಅವಳು ಬಿಡಲಿಲ್ಲ. ಸೇರಿದರೆ ಅವನು ಮನೆಯ ಬಾಗಿಲು ತೆರೆದು ಒಳಗೆ ಬರಬೇಕಲ್ಲ. ಕಥೆ ಕಟ್ಟುತ್ತ ಅವಳ ಮುಖಕ್ಕೆ ಕಳೆ ಬರುತ್ತಿದ್ದುದನ್ನು ನೋಡಿ ಗಿಂಟರನಿಗೆ ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ಹೆಮ್ಮೆ ಹುಟ್ಟಿತು. ಅವನ ತಪ್ಪು ಶುರುವಾದದ್ದು ಅಲ್ಲಿ.

ನವೆಂಬರಿನಲ್ಲಿ ರೋಮಾನನ ತಾಯಿ ಹೆಡ್ವಿಗ ಕೋಲೂರಿಕೊಂಡು ದೀಪದ ಮನೆಗೆ ಬಂದಳು. ಎಪ್ಪತ್ತೊಂಬತ್ತರ ಮುದುಕಿ. ಕಿಟಕಿಯ ಕಟ್ಟೆಗೆ ಗದ್ದ ತಾಗುವಷ್ಟು ಕುಳ್ಳಿ.

"ಲೋ ಗಿಂಟರ್, ನನ್ನ ಸೊಸೆ ದಿನಾ ಎರಡು ಗಂಟೆಗೆ ಗಣಿ ಬಾಗಿಲಲ್ಲಿ ನಿಂತಿರ್ತಾಳಲ್ಲ, ನೋಡಿದೀಯಾ?"

ನೋಡಿದ್ದ. ಬಿಸಿ ಕಡುಬಿನ ಡಬ್ಬ ಬಟ್ಟೆಯಲ್ಲಿ ಸುತ್ತಿಕೊಂಡು ನಿಂತಿರುತ್ತಿದ್ದಳು. ಪಾಳಿ ಮುಗಿಸಿದವರು ಅವಳ ಕಣ್ಣು ತಪ್ಪಿಸಲು ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದರು.

"ಮರಣದ ಕಾಗದಕ್ಕೆ ಸಹಿ ಹಾಕಲ್ಲ ಅಂತಾಳೆ. ಗೋರಿಕಲ್ಲು ನೆಡೋಕೆ ಬಿಡಲ್ಲ. ಅವನ ಹೆಸ್ರಲ್ಲಿ ಇಗರ್ಜೀಲಿ ಒಂದು ಬಲಿಪೂಜೆ ಹೇಳಿಸ್ತೀನಿ ಅಂದ್ರೆ ನನ್ನ ಮೇಲೇ ಎಗರಿ ಬಿದ್ಲು. ಗುರುವಾರ ಬರ್ಲಿ, ಅವನೆಲ್ಲಿದ್ದಾನೆ ಅಂತ ಕೇಳ್ಕೊಂಡ್ ಬರ್ತೀನಿ ಅಂತಾಳೆ. ಯಾರನ್ನ ಕೇಳ್ತಾಳೋ? ನಿನ್ನನ್ನ!" ಮುದುಕಿ ಕೋಲಿನಿಂದ ಗೋಡೆಗೆ ಕುಟ್ಟಿದಳು. "ನನ್ನ ಮಗ ಸತ್ತಿದಾನೆ. ನಿನ್ನ ಮೇಜಿನ ಮೇಲೆ ಮಾತ್ರ ಬದುಕಿದಾನೆ. ನಾನು ಸಾಯೋದ್ರೊಳಗೆ ಒಂದ್ಸಲ ಅವನಿಗಾಗಿ ಅಳೋಕೆ ಜಾಗ ಬೇಕು ನಂಗೆ. ಕೊಡ್ತೀಯಾ, ಇಲ್ವಾ?"

ಮುದುಕಿ ಹೋದ ಮೇಲೆ ಗಿಂಟರ್ ಹಲಗೆಯ ಕಡೆ ತಿರುಗಿ ನಾನೂರ ಹದಿನೇಳನ್ನು ನೋಡಿದ. ಯಾಕುಬನಿಗೆ ಕುದುರೆ ಇತ್ತು, ವಿನ್ಸೆಂತಿಗೆ ಗುದ್ದಲಿ ಇತ್ತು. ತನಗೆ ಇರುವುದು ಮೂರು ಪ್ರಶ್ನೆ.

ಡಿಸೆಂಬರಿನ ನಾಲ್ಕಕ್ಕೆ ಸಂತ ಬಾರ್ಬರಾ ಹಬ್ಬ ಬಂತು. ಗಣಿಯವರ ಹಬ್ಬ. ಬೆಳಗಿನ ಐದಕ್ಕೇ ವಾದ್ಯತಂಡ ಕೆಂಪು ಇಟ್ಟಿಗೆಯ ಮನೆಗಳ ನಡುವೆ ಊದುತ್ತ ಹೋಯಿತು. ಟ್ರೂಡ್ಕಾ ಗಂಡನ ಹಬ್ಬದ ಕಪ್ಪು ಸಮವಸ್ತ್ರ, ಗರಿಯ ಟೋಪಿ ತೆಗೆದು ಇಸ್ತ್ರಿ ಮಾಡಿ ಕಿಟಕಿಗೆ ನೇತುಹಾಕಿದ್ದಳು. ಬೀದಿಯವರೆಲ್ಲ ತಲೆ ತಗ್ಗಿಸಿ ಹಾದುಹೋದರು.

ಮಾರನೆಯ ದಿನ ಗುರುವಾರ. ಗಿಂಟರನ ಚೀಟಿಯಲ್ಲಿ ಒಂದೇ ಪ್ರಶ್ನೆ ಇತ್ತು.

"ವೀಟ್ ಎಲ್ಲಿದ್ದಾನೆ, ಟ್ರೂಡ್ಕಾ?"

"ದೋಣೀಲಿ. ಮಂಜು ಇನ್ನೂ ಬಿಟ್ಟಿಲ್ಲ."

"ದೋಣಿ ಮುಂದೆ ದೀಪ ಇದೆಯಲ್ಲ?"

"ಇದೆ."

"ಆ ದೀಪ ಎಷ್ಟು ಹೊತ್ತು ಉರಿಯುತ್ತೆ?"

ಟ್ರೂಡ್ಕಾ ಬೆರಳಿನಿಂದ ತನ್ನ ಮುಂದಿನ ಬಿಲ್ಲೆ ಮಗುಚಿದಳು. ಹಿತ್ತಾಳೆ ಮರಕ್ಕೆ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು. ಬೆರ್ತೋಲ್ಡ್ ಕೈಯಲ್ಲಿದ್ದ ದಾಳ ಕೆಳಗಿಟ್ಟ. ಉರ್ಸುಲಾ ಕಣ್ಣು ತಗ್ಗಿಸಿದಳು. ಹತ್ತೊಂಬತ್ತು ವರ್ಷದ ಕಟ್ಟಳೆ. ಇನ್ನು ಬಾಯಿ ಮುಚ್ಚಬೇಕು.

"ಎಷ್ಟು ಹೊತ್ತು ಉರಿಯುತ್ತಮ್ಮಾ?" ಗಿಂಟರ್ ಮತ್ತೆ ಕೇಳಿದ.

"ಮೇಷ್ಟ್ರೇ" ಎಂದಳು ಉರ್ಸುಲಾ. "ಬಿಲ್ಲೆ."

ಗಿಂಟರ್ ಆ ಕಡೆ ನೋಡಲಿಲ್ಲ. ಟ್ರೂಡ್ಕಾಳ ತುಟಿ ಬಿಳಿಚಿತ್ತು.

"ಹನ್ನೆರಡು ಗಂಟೆ" ಎಂದಳು.

ದೋಣಿಯ ದೀಪ ಎಷ್ಟು ಹೊತ್ತು ಉರಿಯುತ್ತದೆಂದು ಯಾರಿಗೆ ಗೊತ್ತು? ಹನ್ನೆರಡು ಗಂಟೆ ಉರಿಯುವುದು ಗಣಿಯ ದೀಪ. ಈ ಊರಿನ ಹೆಂಗಸರಿಗೆಲ್ಲ ಅದು ಗೊತ್ತು.

"ಇವತ್ತಿಗೆ ಎಷ್ಟು ದಿನ?"

"ತೊಂಬತ್ತೇಳು."

ವೀಟ್ ದೋಣಿ ಬಿಚ್ಚಿದ್ದು ಗುರುವಾರ. ಅದಕ್ಕೆ ತೊಂಬತ್ತೆಂಟು ದಿನವಾಗಿತ್ತು. ಅವಳು ಎಣಿಸಿದ್ದು ರೋಮಾನ್ ಗಣಿಗೆ ಇಳಿದ ಶುಕ್ರವಾರದಿಂದ. ಮೊದಲ ದಿನದಿಂದ ಅಲ್ಲಿಂದಲೇ ಎಣಿಸುತ್ತ ಬಂದಿದ್ದಳು.

ಟ್ರೂಡ್ಕಾ ಎದ್ದಳು. ಅಳಲಿಲ್ಲ. "ನೀನು ಕೇಳಬಾರದಿತ್ತು, ಗಿಂಟರಣ್ಣಾ" ಎಂದಳು. "ಇಲ್ಲೊಂದು ಕಡೆ ಯಾರೂ ಕೇಳಲ್ಲ ಅಂತ ನಾನು ಬರ್ತಾ ಇದ್ದೆ." ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು. ಬಿಲ್ಲೆ ಮಗುಚಿದಂತೆಯೇ ಮೇಜಿನ ಮೇಲೆ ಉಳಿಯಿತು.

ಸೋಮವಾರ ಅವಳು ಕಾಗದಕ್ಕೆ ಸಹಿ ಹಾಕಿದಳು. ಮುಂದಿನ ಶನಿವಾರ ಖಾಲಿ ಪೆಟ್ಟಿಗೆಯಲ್ಲಿ ಸಮವಸ್ತ್ರ, ಗರಿಯ ಟೋಪಿ ಇಟ್ಟು ಹೂಳಿದರು. ವಾದ್ಯತಂಡ ಊದಿತು. ಹೆಡ್ವಿಗ ಮಣ್ಣಿನ ಮೇಲೆ ಕವುಚಿ ಬಿದ್ದು ಅತ್ತಳು. ನಾಲ್ಕು ಜನ ಸೇರಿ ಎಬ್ಬಿಸಬೇಕಾಯಿತು. ಟ್ರೂಡ್ಕಾ ಸಾಲಿನಲ್ಲಿ ನಿಂತವರೆಲ್ಲರ ಕೈ ಹಿಡಿದಳು. ಗಿಂಟರನ ಸರದಿ ಬಂದಾಗ ಕೈ ಕೋಟಿನೊಳಗಿಟ್ಟುಕೊಂಡಳು. ಗಣಿ ಬಾಗಿಲಲ್ಲಿ ಅವಳು ಆಮೇಲೆ ಯಾರಿಗೂ ಕಾಣಲಿಲ್ಲ. ಪಾಳಿಯವರು ಮತ್ತೆ ಮುಂದಿನ ಬಾಗಿಲಿನಿಂದ ಹೋಗತೊಡಗಿದರು. ದೀಪದ ಮನೆಯ ಹಲಗೆಯಿಂದ ನಾನೂರ ಹದಿನೇಳನ್ನು ಗಿಂಟರನೇ ತೆಗೆದ. ಹಲಗೆ ಬರಿದಾಯಿತು. ಆ ಸಂಜೆ ಅದು ಅವನಿಗೆ ಚೆಂದ ಕಾಣಲಿಲ್ಲ.

ಗುರುವಾರ ಬಂದಾಗ ಅವನು ಮೂರೂವರೆಗೆ ಕೊಠಡಿ ತೆರೆದು ಕೂತ. ಚೀಟಿ ಇರಲಿಲ್ಲ. ಮುಂದಿನ ಗುರುವಾರವೂ ಹಾಗೇ. ಜನವರಿಯ ಮೂರನೆಯ ಗುರುವಾರ ಉರ್ಸುಲಾ ಚೀಲದಿಂದ ಇಟ್ಟಿಗೆಯಷ್ಟು ದಪ್ಪದ ಹೊಸ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

"ಮೇಷ್ಟ್ರೇ, ಇದ್ರಲ್ಲಿ ಕಥೆಯೆಲ್ಲ ಬರೆದೇ ಇದೆ. ಮೊದಲಿಂದ ಕೊನೇತನಕ. ಓದ್ಕೊಂಡು ಹೋದ್ರೆ ಸಾಕು, ಯಾರನ್ನೂ ಏನೂ ಕೇಳ್ಬೇಕಾಗಿಲ್ಲ. ಸ್ವಲ್ಪ ದಿನ ನಾನೇ ಓದ್ತೀನಿ, ನೀವು ಸುಮ್ಮನೆ ಕೂತಿರಿ."

"ಟ್ರೂಡ್ಕಾ ಹತ್ರ ನಾನು ಹೋಗಿ ಮಾತಾಡ್ತೀನಿ" ಎಂದ ಬೆರ್ತೋಲ್ಡ್. ಅಂದು ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಆ ಮುದುಕಿ ನಿನ್ನತ್ರ ಬಂದಿದ್ದು, ಅಳೋಕೆ ಜಾಗ ಕೇಳಿದ್ದು, ಎಲ್ಲ ಹೇಳ್ತೀನಿ. ನಿನ್ನ ಜಾಗದಲ್ಲಿ ಯಾರಿದ್ರೂ ಅದನ್ನೇ ಮಾಡ್ತಿದ್ರು. ಅಲ್ಲಿ ತನಕ ಈ ದರಿದ್ರದ್ದನ್ನ ಮೊದಲು ಎತ್ತಿಡು ಮಾರಾಯ, ನೋಡೋಕಾಗಲ್ಲ." ಮಗುಚಿದ ಬಿಲ್ಲೆಯ ಕಡೆಗೆ ಕೈ ಚಾಚಿದ.

ಗಿಂಟರ್ ಅವನ ಮಣಿಕಟ್ಟು ಹಿಡಿದ.

"ಮುಟ್ಟಬೇಡ ಬೆರ್ತೋಲ್ಡ್. ಮಗುಚಿದವಳು ಬಂದು ಎತ್ತಬೇಕು. ಬಂದ್ರೆ ಬರ್ಲಿ, ಬರ್ದಿದ್ರೆ ಇಲ್ಲ. ನೀನು ಅವಳ ಮನೆಗೆ ಹೋಗೋದೂ ಬೇಡ. ಹೋದ್ರೆ, ಪಾಪ, ಒಳ್ಳೇದಕ್ಕೇ ಕೇಳ್ದ ಅಂತೀಯ. ಅವಳು ಸೋತು ಹೂಂ ಅಂತಾಳೆ. ಅದು ಬೇಡ ನಂಗೆ. ಉರ್ಸುಲಾ, ಪುಸ್ತಕ ವಾಪಸ್ ಚೀಲಕ್ಕೆ ಹಾಕಮ್ಮ. ಬಿಲ್ಲೆ ಮಗುಚಿದ್ದು ನಂಗೆ ಕಂಡಿತ್ತು. ಒಂದು ಕಣ್ಣಾದ್ರೂ ಚೆನ್ನಾಗೇ ಕಂಡಿತ್ತು. ಕಂಡೂ ಕೇಳ್ದೆ. ನಾಳೆ ಅಂಥದೇ ದಿನ ಬಂದ್ರೆ ಮತ್ತೆ ಕೇಳ್ತೀನೋ ಏನೋ, ಗೊತ್ತಿಲ್ಲ. ಆ ಭಾರ ಹಂಚ್ಕೊಳ್ತೀವಿ ಅಂತ ಯಾರೂ ಬರಬೇಡಿ. ಮನೆಗೆ ಹೋಗಿ ಇಬ್ರೂ, ಚಳಿ ಜಾಸ್ತಿ ಆಗ್ತಾ ಇದೆ. ನಾನು ಇಲ್ಲೇ ಕೂತಿರ್ತೀನಿ."