ಅತ್ಯಾನ ರಿಮೋಟು

ಹೊಸ ಪೆಟ್ಟಿಗೆ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಥರ್ಮೋಕೋಲು, ಹೊಸ ಪ್ಲಾಸ್ಟಿಕ್ಕು, ಸುತ್ತಿಟ್ಟ ವೈರು, ಎಲ್ಲ ಕೂಡಿದ ವಾಸನೆ. ಕಳೆದ ರವಿವಾರ ನವನಗರದ ನಮ್ಮ ಮನೆಯಲ್ಲಿ ಮಗ ಪ್ರಣವ ಹೊಸ ಮಾದರಿಯ ಗೇಮಿನ ಪೆಟ್ಟಿಗೆ ಬಿಚ್ಚಿದಾಗ ಅದು ಅಡುಗೆಮನೆಯ ತನಕ ಬಂತು. ಒಗ್ಗರಣೆಯ ಸಾಸಿವೆ ಸೀಯುವಷ್ಟು ಹೊತ್ತು ನಾನು ಸುಮ್ಮನೆ ನಿಂತುಬಿಟ್ಟೆ. ಹೊರಗೆ ಅವನೂ ಅವನ ಗೆಳೆಯರೂ ಆಗಲೇ ಜಗಳಕ್ಕೆ ಬಿದ್ದಿದ್ದರು. "ಹಳೇದರ ಸ್ಟಿಕ್ ಬಿಗಿ ಇತ್ತಲೇ, ಇದು ಭಾಳ ಸಡ್ಲ ಐತಿ" ಎಂದು ಒಬ್ಬ. "ಒತ್ತಿದ ಮ್ಯಾಲೆ ತಡಾ ಮಾಡಿ ಜಿಗೀತಾನ, ಇಂಥಾದ್ದು ಯಾರಿಗೆ ಬೇಕು?" ಎಂದು ನನ್ನ ಮಗ. ಕಂಪನಿಯವರು ಇವರ ಹೆಬ್ಬೆರಳಿಗೆ ದ್ರೋಹ ಮಾಡಿದ್ದಾರೆ ಎನ್ನುವ ಹಾಗಿತ್ತು ಮಾತಿನ ಧಾಟಿ. ನನಗೆ ನಗು ಬಂತು. ಇದೇ ಜಗಳವನ್ನು ನಾನು ಫ್ರಾಕು ಹಾಕುತ್ತಿದ್ದ ಕಾಲಕ್ಕೇ ಕೇಳಿದ್ದೆ, ಕೇಶ್ವಾಪುರದ ಮನೆಯ ಪಡಸಾಲೆಯಲ್ಲಿ.

ಆ ಮನೆಗೆ ಟೀವಿ ಗೇಮು ತಂದವನು ಅಪ್ಪನ ತಮ್ಮ ವಸಂತ ಕಾಕಾ. ಬೂದು ಬಣ್ಣದ ಡಬ್ಬಿ, ಊದಿ ಊದಿ ಹಾಕಬೇಕಾದ ಕ್ಯಾಸೆಟ್ಟು, ಮೂಲೆಗಳು ಅಂಗೈಗೆ ಚುಚ್ಚುವ ಚೌಕದ ಎರಡು ರಿಮೋಟು. ಮಕ್ಕಳಿಗೆಂದು ತಂದದ್ದು, ಆದರೆ ಅದರ ಹುಚ್ಚು ನಿಜವಾಗಿ ಹಿಡಿದದ್ದು ಇಂದೂ ಅತ್ಯಾಗೆ. ಅತ್ಯಾ ಅಪ್ಪನ ತಂಗಿ. ಮದುವೆಯಾಗಿ ಎರಡು ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮನೆಯಲ್ಲಿ ಅವಳಿಗೆ ಯಾರೂ ಕೆಟ್ಟ ಮಾತು ಆಡಿದವರಲ್ಲ. ಆದರೆ ಹಬ್ಬ ಬಂದರೆ ಸಾಕು, ಕುಂಕುಮದ ಬಟ್ಟಲು ಹೊರಗೆ ಬರುವ ಹೊತ್ತಿಗೆ ಅಜ್ಜಿ ಅವಳಿಗೆ ಒಳಗೊಂದು ಕೆಲಸ ಹೇಳಿರುತ್ತಿದ್ದಳು. ಅತ್ಯಾ ಹೋಗುತ್ತಿದ್ದಳು. ಹಂಗೆ ಹೋಗುವವಳು ಮಧ್ಯಾಹ್ನ ಹೊಲಿಗೆ ಯಂತ್ರ ಮುಚ್ಚಿ ನಮ್ಮ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳೆಂದರೆ ಬೇರೆಯೇ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೀವಿಯ ಆ ಗಿಡ್ಡ ಮನುಷ್ಯ ಜಿಗಿಯುವಾಗ ತಾನೂ ಕೂತಲ್ಲೇ ಜಿಗಿದು, "ಹಾರೋ, ನಿನ್ನ ಬಾಯಾಗ ಮಣ್ಣ ಹಾಕ!" ಎಂದು ಬೈದು ನಮ್ಮನ್ನೆಲ್ಲ ಸೋಲಿಸುತ್ತಿದ್ದಳು. ಅವಳ ನಗು ಪಕ್ಕದ ಮನೆಗೆ ಕೇಳಿಸುತ್ತಿತ್ತು.

ಒಂದು ಖಂಡೇನವಮಿಗೆ ಆಯುಧಪೂಜೆಯ ಮಣೆಯ ಮೇಲೆ ಸ್ಕೂಟರಿನ ಕೀಲಿ, ಕತ್ತರಿ, ಈಳಿಗೆ, ಅಪ್ಪನ ನಟ್ಟು ಬಿಚ್ಚುವ ಪಾನಾ ಇವುಗಳ ಜೊತೆ ಕಾಕಾ ಗೇಮಿನ ಡಬ್ಬಿಯನ್ನೂ ಇಟ್ಟ. ಅಜ್ಜಿ ಗೊಣಗುತ್ತಲೇ ಅದಕ್ಕೂ ಒಂದು ಬೊಟ್ಟು ಇಟ್ಟಳು. ಎಲ್ಲ ಮುಗಿಯಿತು ಅನ್ನುವಾಗ ಕಾಕಾ ಅಡುಗೆಮನೆಯತ್ತ ತಿರುಗಿ ಕೂಗಿದ. "ಅಕ್ಕಾ, ಬಾ ಇಲ್ಲೆ. ಆಡಾಕಿ ನೀನು. ನಿನ್ನ ರಿಮೋಟಿಗೆ ನೀನ ಹಚ್ಚು." ಅತ್ಯಾ ಬಾಗಿಲಿಗೆ ಬಂದು ನಿಂತಳು. ಅಜ್ಜಿ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಬಟ್ಟಲನ್ನು ನೆಲದ ಮೇಲಿಟ್ಟು ಎದ್ದು ಒಳಗೆ ಹೋದಳು. ಆಗ ಅತ್ಯಾ ಕೂತು, ಬೆರಳು ನೀರಿನಲ್ಲಿ ಅದ್ದಿ, ಕುಂಕುಮದಲ್ಲಿ ಒತ್ತಿ ಆ ರಿಮೋಟಿನ ಒಂದೊಂದು ಬಟನ್ನಿಗೂ ಹಚ್ಚಿದಳು. ಹಚ್ಚಿದ್ದಕ್ಕೇ ಮತ್ತೆ ಹಚ್ಚಿದಳು. ಯಾರೂ ಸಾಕು ಅನ್ನಲಿಲ್ಲ.

ಮರುದಿನ ಬನ್ನಿ ಕೊಟ್ಟು, ತಗೊಂಡು, ಆಟಕ್ಕೆ ಕೂತರೆ ಜಿಗಿಯುವ ಬಟನ್ನು ಒಳಗೇ ಕೂತುಬಿಟ್ಟಿತ್ತು. ಒದ್ದೆ ಕುಂಕುಮ ಸಂದಿಯಲ್ಲಿ ಇಳಿದು ಗಟ್ಟಿಯಾಗಿತ್ತು. "ಅಕ್ಕಾ, ದೇವರು ಭಾಳ ಪ್ರಸನ್ನ ಆಗ್ಯಾನ, ಏಳವೊಲ್ಲ!" ಎಂದು ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. ಬಿಚ್ಚಿ ಒರೆಸುತ್ತೇನೆ ಎಂದು ಅವನು ಅಂದರೂ ಅತ್ಯಾ ಕೊಡಲಿಲ್ಲ. ಒತ್ತಿದರೆ ನಿಧಾನಕ್ಕೆ ಏಳುವ ಆ ಬಟನ್ನಿಗೆ ತಾನೇ ಹೊಂದಿಕೊಂಡಳು. ಹಳ್ಳ ಬರುವ ಮೊದಲೇ ಒತ್ತಿ ಕಾಯುತ್ತಿದ್ದಳು. ಆ ರಿಮೋಟು ನಮ್ಮ ಕೈಗೆ ಬಂದರೆ ಮನುಷ್ಯ ಹಳ್ಳಕ್ಕೇ ಬೀಳುತ್ತಿದ್ದ, ಅವಳ ಕೈಯಲ್ಲಿ ದಾಟುತ್ತಿದ್ದ. ಮುಂದಿನ ವರ್ಷದಿಂದ ಅಜ್ಜಿ ಖಂಡೇನವಮಿಯ ಪೂಜೆಯನ್ನು ಎಲ್ಲರೂ ಏಳುವ ಮೊದಲೇ ಮುಗಿಸತೊಡಗಿದಳು.

ಆಮೇಲೆ ಬಂದದ್ದು ಹೊಸ ಮಾದರಿ. ದುಂಡು ಹಿಡಿಕೆ, ಮೆತ್ತಗಿನ ಬಟನ್ನು. ಕಾಕಾ ಅದರ ಪರ, ಅತ್ಯಾ ವಿರುದ್ಧ. ಮಧ್ಯಾಹ್ನವೆಲ್ಲ ವಾದ ನಡೆಯಿತು, ಚಹಾ ಆರಿತು. "ಒತ್ತೇನಿ ಅಂತ ಬೆರಳಿಗೆ ತಿಳೀಬೇಕೋ ವಸಂತಾ. ಇದು ಬೆಣ್ಣ್ಯಾಗ ಬೆರಳ ಇಟ್ಟಂಗ ಆಗ್ತದ" ಎಂದಳು ಅತ್ಯಾ. "ಹಳೇದರಾಗ ಬಟನ್ ಏಳೂದ ಇಲ್ಲ, ಅದೇನು ತಿಳೀತದ ನಿನಗ?" ಎಂದ ಕಾಕಾ. ಹಳೆಯದನ್ನು ಅಂಗಡಿಗೆ ಹಿಂದಿರುಗಿಸಿ ಹೊಸದು ತರುವುದೆಂದು ಕಡೆಗೆ ನಿಶ್ಚಯವಾದಾಗ, ಡಬ್ಬಿಯನ್ನೂ ಇನ್ನೊಂದು ರಿಮೋಟನ್ನೂ ತಾನೇ ಬಟ್ಟೆಯಲ್ಲಿ ಕಟ್ಟಿ ಕೊಟ್ಟು, "ಇದೊಂದ ಕೊಡಂಗಿಲ್ಲ" ಎಂದಳು. ಎಷ್ಟು ಚೇಷ್ಟೆ ಮಾಡಿದರೂ ಕೊಡಲಿಲ್ಲ. ಎರಡರ ಪಿನ್ನೂ ಒಂದೇ ಬಗೆಯದಾದ್ದರಿಂದ ಹೊಸ ಡಬ್ಬಿಗೂ ಅದನ್ನೇ ಚುಚ್ಚಿ ಆಡಿದಳು. ನಮ್ಮ ಅತ್ಯಾ ಹಠಮಾರಿ ಎಂದು ನಾವೆಲ್ಲ ನಂಬಿದ್ದೆವು.

ಈಗ ಆ ಮನೆ ಇಲ್ಲ. ಆ ಜಾಗದಲ್ಲಿ ಗಾಜಿನ ಬಾಗಿಲಿನ ಅಂಗಡಿಗಳಿವೆ. ಅಜ್ಜಿ ಹೋದಳು, ಕಾಕಾ ಹೋದ, ಹೋದ ವರ್ಷ ಅತ್ಯಾನೂ ಹೋದಳು. ಅವಳ ಹೊಲಿಗೆ ಯಂತ್ರ ನನಗೆ ಬಂತು, ಅದರ ಖಾನೆಯೊಳಗೆ ದಾರದ ಉಂಡೆಗಳ ಕೆಳಗೆ ರಿಮೋಟು. ರವಿವಾರ ಹುಡುಗರ ಜಗಳ ಕೇಳಿ ಅದನ್ನು ತಂದು ಅವರ ಮುಂದಿಟ್ಟೆ. ಕೈಯಿಂದ ಕೈಗೆ ಹೋಯಿತು. "ಅಮ್ಮಾ, ಇದರ ಬಟನ್ ಹಿಡಕೊಂಡೈತಿ" ಎಂದು ಪ್ರಣವ ಸ್ಕ್ರೂ ಬಿಚ್ಚಿದ. ಒಳಗೆ, ಬಟನ್ನಿನ ಕೆಳಗಿನ ರಬ್ಬರಿನ ಸುತ್ತ, ಕುಂಕುಮ ಹಾಗೇ ಇತ್ತು. ಮೇಲಿನದೆಲ್ಲ ಎಂದೋ ಸವೆದುಹೋಗಿದ್ದರೂ ಒಳಗಿನದರ ಕೆಂಪು ಮಾಸಿರಲಿಲ್ಲ. ಅವಳು ಹಠ ಮಾಡಿದ್ದು ಬಟನ್ನಿಗಾಗಿ ಅಲ್ಲ ಎಂದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು.

"ಸ್ಪಿರಿಟ್ ಹಚ್ಚಿ ಒರಸ್ಲೇನಮ್ಮಾ? ಹೊಸಾದರಂಗ ಆಗ್ತದ" ಎಂದ ಮಗ, ಕೈಯಲ್ಲಿ ಹತ್ತಿ ಹಿಡಿದು.

"ಬ್ಯಾಡಪ್ಪಾ. ಇದ್ದಂಗ ಮುಚ್ಚು" ಎಂದೆ. ಅವನು ನನ್ನ ಮುಖ ನೋಡಿ ಸ್ಕ್ರೂ ಬಿಗಿದು ಕೊಟ್ಟ. ಜಿಗಿಯುವ ಬಟನ್ನು ಒತ್ತಿದೆ. ಅದು ಒಳಗೆ ಕೂತು, ಕೂತೇ ಇದ್ದು, ಆಮೇಲೆ ನಿಧಾನಕ್ಕೆ ನನ್ನ ಬೆರಳನ್ನು ಮೇಲಕ್ಕೆ ಎತ್ತಿತು. ತವರಿಗೆ ಬಂದ ಮೇಲೆ ಅತ್ಯಾ ಕುಂಕುಮ ಮುಟ್ಟಿದ್ದು ಅದೊಂದೇ ಸಲ.